ಕಸ್ತೂರೆಮ್ಮನವರ ಕುತ್ತಿಗೆ

ಮಸ್ಕಿಯ ಹಳೆಯ ಓಣಿಯ ಮನೆಗಳಿಗೆಲ್ಲ ಬಾಗಿಲು ಗಿಡ್ಡ. ಕಟ್ಟಿದವರು ಬೇಕೆಂತಲೇ ಹಾಗೆ ಕಟ್ಟಿದರೆಂದು ಹೇಳುವವರುಂಟು: ಒಳಗೆ ಬರುವವನು ಯಾವ ಸೀಮೆಯ ದೇಸಾಯಿಯೇ ಆಗಿರಲಿ, ಹೊಸ್ತಿಲ ಮುಂದೆ ತಲೆ ತಗ್ಗಿಸಲೇಬೇಕು, ತಗ್ಗಿಸದವನ ಹಣೆಗೆ ಮೇಲಿನ ತೊಲೆಯೇ ವಿನಯದ ಪಾಠ ಹೇಳುತ್ತದೆ. ನನ್ನ ಹಣೆಯ ಎಡಗಡೆ ಆ ಪಾಠದ ಗುರುತು ಇವತ್ತಿಗೂ ಇದೆ. ಆದರೆ ಆ ಬಾಗಿಲುಗಳಿಗೆ ಸೋಲದ ಕುತ್ತಿಗೆಯೊಂದನ್ನು ನಾನು ಬಲ್ಲೆ. ಕಸ್ತೂರೆಮ್ಮನವರು ಬಾಗಿಲ ಬಳಿ ಬಂದರೆಂದರೆ ಒಂದು ಗಳಿಗೆ ನಿಂತು, ಸೆರಗನ್ನು ಸರಿಪಡಿಸಿಕೊಂಡು, ಕುತ್ತಿಗೆಯನ್ನು ಕಂಬದಂತೆ ನೆಟ್ಟಗಿಟ್ಟುಕೊಂಡೇ ಎರಡೂ ಮೊಣಕಾಲು ಮಡಚಿ, ಬಾವಿಗಿಳಿಯುವವರ ಹಾಗೆ ಮೆಲ್ಲಗೆ ಕೆಳಗಿಳಿದು, ಹಾಗೇ ಮುಂದೆ ಸರಿದು, ಒಳಗೆ ಹೋಗಿ ಮತ್ತೆ ಎದ್ದು ನಿಲ್ಲುತ್ತಾರೆ. ಎಪ್ಪತ್ತೈದು ದಾಟಿದ ಆ ಮೊಣಕಾಲುಗಳು ಏಳುವಾಗ ಒಣಕಟ್ಟಿಗೆ ಮುರಿದಂತೆ ಸದ್ದು ಮಾಡುತ್ತವೆ. ಒಮ್ಮೆ ತಡೆಯಲಾರದೆ ಕೇಳಿದೆ: "ಅವ್ವಾರ, ಕುತ್ತಿಗಿ ಒಂದೀಟು ಬಗ್ಗಿಸಿದ್ರ ಏನಾಗ್ತೈತ್ರಿ?"

"ಕೊಳ್ಳಾಗ ದೇವರದಾನ ಮಾಸ್ತರ. ನಾ ಬಗ್ಗಿದ್ರ ಅಂವ ಜೋಲಿ ಹೊಡೀತಾನ. ಮೊಣಕಾಲು ನನ್ನವು, ನೋಯ್ಲಿ ಬಿಡು."

ಆ ದೇವರಿರುವುದು ಅವರ ಎದೆಯ ಮೇಲೆ, ಲಿಂಬೆಹಣ್ಣಿಗಿಂತ ತುಸು ದೊಡ್ಡದಾದ ಬೆಳ್ಳಿಯ ಕರಡಿಗೆಯೊಳಗೆ. ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಮಣ್ಣಿಗೆ ಹೋಗುವತನಕ ಮೈ ಬಿಟ್ಟು ಅಗಲಬಾರದೆಂಬ ನೇಮದ ಮನೆತನ ಅವರದು. ಹಾಗೆ ನೋಡಿದರೆ ನಮ್ಮ ಸೀಮೆಯಲ್ಲಿ ಕೊರಳಿಗೆ ಕರಡಿಗೆ ಕಟ್ಟಿಕೊಂಡವರಿಗೇನು ಬರವಿಲ್ಲ. ಜಳಕಕ್ಕೆ ಹೋದಾಗ ಗೂಟಕ್ಕೆ ನೇತುಹಾಕಿ ಮರೆತು ಬರುವವರೂ, ಮದುವೆ ಮನೆಗೆ ಹೊರಟಾಗಲಷ್ಟೇ ನೆನಪಾಗಿ ಹುಡುಕಾಡುವವರೂ ಅವರಲ್ಲಿದ್ದಾರೆ. ಹೆಸರು ಹೇಳಿ ಜಗಳ ಮೈಮೇಲೆ ಎಳೆದುಕೊಳ್ಳುವುದು ಬೇಡ. ಕಸ್ತೂರೆಮ್ಮನವರಿಗೆ ಮಾತ್ರ ಅದು ಆಭರಣವಲ್ಲ, ಕುಲದ ಗುರುತೂ ಅಲ್ಲ. ತಮ್ಮ ಕಣ್ಣು ಕಿವಿಗಳಂತೆ ಮೈಯದೇ ಒಂದು ಭಾಗ.

ಮಸ್ಕಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ ನಾನು ಬಹಳ ವರ್ಷ ಅವರ ಮನೆಯ ಮೇಲ್ಮಾಳಿಗೆಯಲ್ಲಿ ಬಾಡಿಗೆಗಿದ್ದೆ. ಆ ವರ್ಷಗಳಲ್ಲಿ ಅವರ ಬಾಯಿಂದ ಅತಿ ಹೆಚ್ಚು ಕೇಳಿದ ಮಾತು ಒಂದೇ: "ಕಬೂಲಿಲ್ಲ." ಬೇರೆಯವರು ಒಲ್ಲೆ ಎನ್ನುವಲ್ಲಿ, ಬ್ಯಾಡ ಎನ್ನುವಲ್ಲಿ, ಆಗಂಗಿಲ್ಲ ಎನ್ನುವಲ್ಲಿ ಅವರು "ನನಗ ಕಬೂಲಿಲ್ಲ" ಎಂದು, ಕುದಿಯುವ ಪಾತ್ರೆಗೆ ಮುಚ್ಚಳ ಹಾಕಿದಂತೆ, ಮಾತು ಮುಗಿಸುತ್ತಿದ್ದರು. ದನಿ ಏರುತ್ತಿರಲಿಲ್ಲ, ಮುಖ ಗಂಟಿಕ್ಕುತ್ತಿರಲಿಲ್ಲ. ನಿಜಾಮರು ಹೋದರೂ ಅವರ ಕಚೇರಿಯ ಮಾತುಗಳು ನಮ್ಮ ನಾಲಿಗೆಯ ಮೇಲೆ ಉಳಿದವಲ್ಲ, ಇದೂ ಅಂಥದೇ ಒಂದು ಎಂದು ನಾನು ತಿಳಿದಿದ್ದೆ. ಅದರ ಬೇರು ಎಲ್ಲಿದೆಯೆಂಬುದು ನನಗೆ ತಿಳಿದದ್ದು ದಿಲ್ಲಿಯಲ್ಲಿ.

ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಗುಮಾಸ್ತನೊಬ್ಬ, "ಹೆಬ್ಬೆಟ್ಟು ಒತ್ತಿಬಿಡ್ರಿ ಅವ್ವಾ, ಲಗೂನ ಆಕ್ಕೈತಿ" ಎಂದು ಶಾಯಿಯ ಡಬ್ಬಿ ಮುಂದಿಟ್ಟ. ಪಾಪ, ಅವನದೇನೂ ಕೆಟ್ಟ ಬುದ್ಧಿಯಲ್ಲ, ಹಿಂದೆ ಸಾಲು ಬೆಳೆದಿತ್ತು. "ಕಬೂಲಿಲ್ಲ" ಎಂದವರೇ ಪೆನ್ನು ತೆಗೆದುಕೊಂಡು 'ಕಸ್ತೂರೆಮ್ಮ ಗಂಡ ದೊಡ್ಡಬಸಪ್ಪ' ಎಂದು ಒಂದೊಂದೇ ಅಕ್ಷರವನ್ನು ರಂಗೋಲಿ ಹಾಕಿದ ಹಾಗೆ ಬರೆದರು. ಹಿಂದಿನವರು ಗೊಣಗಿದರು, ಇವರು ಒತ್ತಕ್ಷರವನ್ನು ಇನ್ನಷ್ಟು ದುಂಡಗೆ ಮಾಡಿದರು. ಸಿಂಧನೂರಿನ ಕಣ್ಣಿನ ಡಾಕ್ಟರು ಆಪರೇಷನ್ನಿಗೆ ಮುಂಚೆ ಮೈಮೇಲಿನದೆಲ್ಲ ತೆಗೆಯಬೇಕೆಂದಾಗ ಬಳೆ ತೆಗೆದರು, ಮೂಗುತಿ ತೆಗೆದರು, ಕರಡಿಗೆಗೆ ಕೈ ಹೋಗಲಿಲ್ಲ. ಕಡೆಗೆ ಡಾಕ್ಟರೇ ಸೋತು ಅದರ ಮೇಲೊಂದು ಬಿಳಿ ಪಟ್ಟಿ ಸುತ್ತಿಸಿ ಕೆಲಸ ಮುಗಿಸಿದರು. ಈ ಹಟ ಯಾವಾಗಲೂ ನೋಡಲು ಚೆಂದವೆಂದು ನಾನು ಸುಳ್ಳು ಹೇಳಲಾರೆ. ಮಾಳಿಗೆಗೆ ನಲ್ಲಿ ಹಾಕಿಸಿದರೆ ಗೋಡೆ ಹಸಿಯಾಗುತ್ತದೆಂದು ಕಡೆಯತನಕ ಕಬೂಲಾಗದೆ, ಕೊಡ ಹೊತ್ತು ಹೊತ್ತು ನನ್ನ ಹೆಂಡತಿ ಶೈಲಜಾಳ ಸೊಂಟ ಮುರಿದವರೂ ಇವರೇ.

ಇಂಥವರ ಬಾಯಲ್ಲಿ ದಿಲ್ಲಿಗೆ ಹೋಗುವ ಮಾತು ಬಂದಾಗ ನಮಗೆಲ್ಲ ಅಚ್ಚರಿ, ನಮಗಿಂತ ಹೆಚ್ಚು ಅವರ ಮೊಣಕಾಲಿಗೆ. ಆದರೆ ಅದು ಹಳೆಯ ಮಾತು. ಅವರ ಅಪ್ಪ ಸಂತೆಕಲ್ಲೂರಿನ ಗುರುಬಸವಪ್ಪ. ದಿಲ್ಲಿಯ ಕೆಂಪು ಕೋಟೆಯ ಮೇಲೆ ಬಾವುಟ ಏರಿತೆಂಬ ಸುದ್ದಿ ಬಂದಾಗ ನಮ್ಮ ಸೀಮೆಯಲ್ಲಿ ಇನ್ನೂ ನಿಜಾಮರ ದರ್ಬಾರು ನಡೆದಿತ್ತು. ಊರ ಮುಂದಿನ ಬೇವಿನ ಮರಕ್ಕೆ ಅದೇ ಬಾವುಟ ಕಟ್ಟಿದ ತಪ್ಪಿಗೆ ಆ ಮನುಷ್ಯ ಜೈಲಿಗೆ ಹೋದ. ದೇಶಕ್ಕೆ ಬಂದ ಸ್ವಾತಂತ್ರ್ಯ ನಮ್ಮ ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಮರುವರ್ಷದ ಸಪ್ಟೆಂಬರಾಯಿತು, ಆಗ ಬಿಡುಗಡೆ. ಅದರ ಮರುವರ್ಷ ಹುಟ್ಟಿದವರು ಕಸ್ತೂರೆಮ್ಮ. "ಆ ಕೋಟಿ ಮ್ಯಾಲಿನ ಬಾವುಟ ಒಮ್ಮೆ ಕಣ್ಣಾರೆ ನೋಡಬೇಕವಾ" ಎನ್ನುವುದು ಗುರುಬಸವಪ್ಪನ ಜೀವಮಾನದ ಹಂಬಲ. ಒಮ್ಮೆ ಹೊರಟು ರಾಯಚೂರಿನ ಸ್ಟೇಷನ್ನಿನವರೆಗೆ ಹೋದವನು ಊರಲ್ಲಿ ತಮ್ಮ ತೀರಿಕೊಂಡ ಸುದ್ದಿ ಬಂದು ಹಿಂದಿರುಗಿದ. ಮುಂದೆ ಬಿತ್ತನೆ, ರಾಶಿ, ಮಕ್ಕಳ ಮದುವೆ. ಸಾಯುವಾಗ ಮಗಳ ಕೈ ಹಿಡಿದು, "ನಾ ನೋಡಲಿಲ್ಲ, ನೀ ಆದ್ರೂ ನೋಡು" ಎಂದ. ಯಾರಿಗೂ ಸುಲಭಕ್ಕೆ ಮಾತು ಕೊಡದ ಕಸ್ತೂರೆಮ್ಮ ಅಂದು ಹೂಂ ಎಂದಿದ್ದರು. ಗಂಡ ದೊಡ್ಡಬಸಪ್ಪನವರು ಪ್ರತಿ ವರ್ಷ ಮುಂದಿನ ವರ್ಷ ಎನ್ನುತ್ತಲೇ ಹೋಗಿಬಿಟ್ಟರು. ಈಗ ಮೊಣಕಾಲುಗಳು ತಮ್ಮ ದಿನ ಎಣಿಸುತ್ತಿದ್ದವು. ಇದು ಬಿಟ್ಟರೆ ಇನ್ನಿಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಸಿಂಧನೂರಿನ ವಿರೂಪಾಕ್ಷಪ್ಪ ಗೊಬ್ಬರದ ಅಂಗಡಿಯವರು. ಚಳಿಗಾಲದಲ್ಲಿ ವ್ಯಾಪಾರ ಸಡಿಲಾದಾಗ ಮಂದಿ ಕೂಡಿಸಿ ಯಾತ್ರೆಗೆ ಕರೆದೊಯ್ಯುತ್ತಾರೆ. ಆ ಸಲ ದಿಲ್ಲಿ–ಆಗ್ರಾ ಎಂದರು. ನಾನೂ ಹೆಸರು ಬರೆಸಿದೆ, ಕಸ್ತೂರೆಮ್ಮನವರೂ ಬರೆಸಿದರು. "ದಿಲ್ಲಿ ಮಂದಿ ಕೂಡ ಮಾತಾಡಾಕ ನನಗೊಂದು ಬಾಯಿ ಬೇಕು" ಎಂದು ಬಳೆಯಂಗಡಿಯ ಹಾಜಿರಾಬೀಯನ್ನೂ ಹೊರಡಿಸಿದರು. ಇಬ್ಬರದೂ ಇಂದು ನಿನ್ನೆಯ ನಂಟಲ್ಲ. ಗುರುಬಸವಪ್ಪನಿಗೆ ಬಿಡುಗಡೆ ತಂದ ಆ ಸಪ್ಟೆಂಬರು ಹಾಜಿರಾಬೀಯ ಮನೆಗೆ ಭಯವನ್ನು ತಂದಿತ್ತು; ನಿಜಾಮರ ಆಳ್ವಿಕೆ ಬಿದ್ದು, ಮುಸಲ್ಮಾನರ ಮನೆಗಳ ಮೇಲೆ ಸೇಡಿನ ಮಂದಿ ನುಗ್ಗುತ್ತಿದ್ದ, ಊರು ಕೆಂಡವಾಗಿದ್ದ ಆ ದಿನಗಳಲ್ಲಿ, ಜೈಲಿನಿಂದ ಆಗಷ್ಟೇ ಮನೆಗೆ ಬಂದ ಗುರುಬಸವಪ್ಪ ಆಕೆಯ ತಂದೆಯನ್ನು ಜೋಳ ತುಂಬುವ ನೆಲದೊಳಗಿನ ಹಗೇವಿನಲ್ಲಿ ಬಚ್ಚಿಟ್ಟು, ಮೇಲೆ ತಾನೇ ಹಾಸಿಗೆ ಹಾಸಿಕೊಂಡು ಮಲಗಿದ್ದನಂತೆ. ಆ ಮನೆ ಈ ಮನೆಗಳ ಹಬ್ಬ ಹುಣ್ಣಿಮೆಗಳು ಅಂದಿನಿಂದ ಕೂಡಿಕೊಂಡೇ ಬಂದಿವೆ.

ಹೊರಟ ದಿನ ಕಸ್ತೂರೆಮ್ಮನವರ ಅವತಾರ ನೋಡಬೇಕಿತ್ತು. ಇಳಕಲ್ ಸೀರೆಯ ಮೇಲೆ ದೊಡ್ಡಬಸಪ್ಪನವರ ಮದುವೆಯ ಕರಿ ಕೋಟು! ಲಿಂಗಸುಗೂರಿನ ದರ್ಜಿ ಹೊಲಿದ ಉಣ್ಣೆಯ ಕೋಟು, ಹೆಗಲು ಇವರಿಗೆ ಒಂದು ಗೇಣು ಅಗಲ, ತೋಳು ಬೆರಳ ತುದಿಯ ತನಕ. ಬಲಗಡೆಯ ಜೇಬಿನಲ್ಲಿ ಕೊಬ್ಬರಿಯ ತುಂಡುಗಳು, ಎಡಗಡೆಯದರಲ್ಲಿ ವಿಭೂತಿ ಗಟ್ಟಿ. ಶೈಲಜಾ ಹೊಸ ಶಾಲು ಕೊಡಲು ಹೋದಳು. ಏನೆಂದರೆಂದು ಬೇರೆ ಹೇಳಬೇಕಾಗಿಲ್ಲ.

ದಿಲ್ಲಿಯೆಂಬುದು ಬಾಗಿಲುಗಳ ಊರು. ಕೋಟೆಯ ಗೋಡೆ ಎಂದೋ ಬಿದ್ದುಹೋದರೂ ಕಾಶ್ಮೀರದ ಕಡೆಗೊಂದು, ಅಜ್ಮೇರದ ಕಡೆಗೊಂದು ದರವಾಜಾ ಹೆಸರು ಹೊತ್ತು ನಿಂತಿವೆ. ಗಾಡಿಗಳು ಅವುಗಳ ಸುತ್ತ ಹರಿಯುತ್ತವೆ, ಒಳಗಿಂದ ಹಾಯುವವರು ಯಾರೂ ಇಲ್ಲ. ಇಂಡಿಯಾ ಗೇಟಿನ ಮುಂದೆ ನಿಂತು ಕಸ್ತೂರೆಮ್ಮನವರು ಬಹಳ ಹೊತ್ತು ನೋಡಿದರು. ಅದರ ಮೇಲೆ ಕೆತ್ತಿದ್ದು ಯುದ್ಧದಲ್ಲಿ ಸತ್ತ ಸಿಪಾಯಿಗಳ ಹೆಸರುಗಳೆಂದು ನಾನು ಹೇಳಿದಾಗ ಕೈ ಮುಗಿದರು. ಆಮೇಲೆ ಮೆಲ್ಲಗೆ, "ಹೆಸರು ಬರಸಾಕ ಬಾಗಲಾ ಯಾಕ ಬೇಕಾಗಿತ್ತು ಮಾಸ್ತರ? ನಮ್ಮೂರ ಗುಡ್ಡದಾಗ ಅಶೋಕ ರಾಜ ಬರೀ ಬಂಡಿಗಲ್ಲಿನ ಮ್ಯಾಲೆ ಬರಸ್ಯಾನ, ಅಳಿಸೈತೇನು?" ಎಂದರು. ನಾನು ಇತಿಹಾಸ ಹೇಳಲು ಬಾಯಿ ತೆರೆದೆ. ಹಾಜಿರಾಬೀ ನನ್ನ ತೋಳು ಹಿಡಿದು ಬೇಡವೆಂದು ಕಣ್ಣು ಮಾಡಿದಳು.

ಆ ಊರಿನಲ್ಲಿ ಹಳೆಯ ಬಾಗಿಲುಗಳಿಗಿಂತ ಹೊಸ ಬಾಗಿಲುಗಳ ಕಾಟ ಹೆಚ್ಚು. ಎಲ್ಲಿ ನೋಡಲು ಹೋದರೂ ಮುಂದೊಂದು ಚೌಕಟ್ಟು, ಅದರೊಳಗಿಂದ ಹಾಯ್ದರೆ ಕುಯ್ ಎನ್ನುವ ಯಂತ್ರ. ಮೊದಲ ಸಲ ಅದನ್ನು ಕಂಡಾಗ ಕಸ್ತೂರೆಮ್ಮನವರು ನಿಂತರು, ಅದರ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಗ್ವಾಡಿನ ಇಲ್ಲದ ಬಾಗಲಾ! ಏನು ಕಾಯ್ತೈತಿಬೇ ಇದು?" ಎಂದು ಹಾಜಿರಾಬೀಯನ್ನು ಕೇಳಿದರು. ಆಕೆ, "ನಿನ್ನಂಥಾಕೀನ್ನ ಕಾಯ್ತೈತಿ, ನಡೀಯಕ್ಕಾ" ಎಂದಳು. ಕುತುಬ್ ಮಿನಾರಿನ ಕಡೆ ಕಾವಲಿನವನು ಯಂತ್ರದ ಕೂಗಿಗೆ ಕಿವಿಗೊಡಲಿಲ್ಲ, ಆದರೆ ಕೋಟಿನ ಜೇಬಿನ ಬಿಳಿ ಗಟ್ಟಿಯನ್ನು ಹಿಡಿದು ಮೂಸಿ ನೋಡಿದ, ಬೆಳಕಿಗೆ ಹಿಡಿದ, ಪಕ್ಕದವನನ್ನು ಕರೆದ. ಕಸ್ತೂರೆಮ್ಮನವರು ಅವನ ಕೈಯಿಂದ ಗಟ್ಟಿ ಇಸಿದುಕೊಂಡು, ಬಾಟಲಿಯ ನೀರು ಹನಿಸಿ ತಿಕ್ಕಿ, ಮೂರು ಬೆರಳಿನಿಂದ ಅವನ ಹಣೆಗೇ ಎಳೆದುಬಿಟ್ಟರು. ಸಾಲಿಗೆ ಸಾಲೇ ಬೆರಗಾಯಿತು. ಅವನು ಒಂದು ಕ್ಷಣ ತಬ್ಬಿಬ್ಬಾದವನು ಆಮೇಲೆ ನಕ್ಕು, ಕೈ ಮುಗಿದು ದಾರಿ ಬಿಟ್ಟ. ವಿರೂಪಾಕ್ಷಪ್ಪನವರಿಗೆ ಮಾತ್ರ ನಗು ಬರಲಿಲ್ಲ. "ಇದು ಇಲ್ಲಿ ನಡೀತ್ರಿ ಮಾಸ್ತರ. ನಾಳೆ ಕೆಂಪು ಕೋಟಿ. ಅಲ್ಲಿ ಬಂದೋಬಸ್ತ್ ಬಿಗಿ ಐತಿ, ಆ ಕೊಳ್ಳಾಗಿಂದು ತೆಗೀಬೇಕಾಗ್ತೈತಿ. ತೆಗೀತಾರ ಬಿಡ್ರಿ, ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?" ಎಂದರು.

ಮರುದಿನ ಬೆಳಿಗ್ಗೆ ಕೆಂಪು ಕೋಟೆ. ಮಂಜು ಆಗಷ್ಟೇ ಕರಗಿ, ಆ ಮಹಾಪ್ರಾಕಾರದ ಕೆಂಪು ಕಲ್ಲು ಬಿಸಿಲಿಗೆ ಹೊಳೆಯತೊಡಗಿತ್ತು. ಸಾಲಿನಲ್ಲಿ ಹಿಂದೆ ಮುಂದೆ ಜನ ಒತ್ತುತ್ತಿದ್ದರಿಂದ ಮೇಲೆ ನೋಡಲೂ ಆಗದೆ ಕಸ್ತೂರೆಮ್ಮನವರು ಕೋಟಿನ ತುಂಬು ತೋಳಿನಲ್ಲಿ ಹಾಜಿರಾಬೀಯ ಕೈ ಹಿಡಿದುಕೊಂಡು, ಮದುವಣಗಿತ್ತಿಯಂತೆ ಮೆಲ್ಲಗೆ ಹೆಜ್ಜೆಯಿಡುತ್ತಿದ್ದರು. ಹೆಂಗಸರ ಸಾಲಿಗೂ ನಮ್ಮ ಸಾಲಿಗೂ ನಡುವೆ ಒಂದು ಕಬ್ಬಿಣದ ಕಂಬಿಯಷ್ಟೇ ಅಡ್ಡ. ನಡೆದದ್ದನ್ನೆಲ್ಲ ನಾನು ಕಂಬಿ ಹಿಡಿದು ನೋಡಿದೆ.

ಯಂತ್ರ ಕುಯ್ ಎಂದಿತು. ಕಾವಲಿನ ಹುಡುಗಿ, ಅಗಲ ಹಣೆಯ ಗಂಭೀರ ಮುಖದವಳು, ಕೋಟನ್ನು ಸರಿಸಿ ಸೆರಗಿನ ಮೇಲೆ ಕೈಯಾಡಿಸಿ ನಿಂತಳು. "ಗಲೇ ಮೇ ಕ್ಯಾ ಹೈ, ಮಾಜೀ?"

ಕೊರಳಲ್ಲಿ ಏನೆಂಬ ಈ ಪ್ರಶ್ನೆಗೆ ಹಾಜಿರಾಬೀ ರಾತ್ರಿಯೇ ಉತ್ತರ ಹೊಂದಿಸಿಕೊಂಡಿದ್ದಳೆಂದು ಕಾಣುತ್ತದೆ. ತಟ್ಟನೆ, "ತಾವೀಜ್ ಹೈ ಬೇಟಾ, ಪುರಾನಾ ತಾವೀಜ್" ಎಂದಳು.

"ಅಚ್ಛಾ, ತಾವೀಜ್" ಎಂದು ಹುಡುಗಿ ತಲೆಯಾಡಿಸಿ, ಹೋಗಿ ಎಂದು ಕೈ ಮಾಡಿದಳು. ಆ ಸೀಮೆಯಲ್ಲಿ ತಾಯಿತ ಕಟ್ಟದ ಕೊರಳು ಕಡಿಮೆ. ಅವಳು ದಿನಕ್ಕೆ ಎಷ್ಟು ಕಂಡಿರಬೇಕು. ಅಬ್ಬಾ, ಬಗೆಹರಿಯಿತು ಎಂದು ನಾನು ಉಸಿರು ಬಿಟ್ಟೆ. ಇನ್ನು ನಾಲ್ಕು ಹೆಜ್ಜೆ ನಡೆದಿದ್ದರೆ ಕಸ್ತೂರೆಮ್ಮನವರು ಒಳಗಿರುತ್ತಿದ್ದರು. ಅವರು ನಡೆಯಲಿಲ್ಲ. ದರ್ಗಾದ ತಾಯಿತ ಕಂಡು ಬೆಳೆದ ಮಸ್ಕಿಯ ಕೂಸಿಗೂ ಆ ಮಾತು ಗೊತ್ತು.

"ಏನಂದಿಬೇ ಹಾಜಿರಾ?"

"ಏನಿಲ್ಲಕ್ಕಾ, ನಡೀ ನಡೀ."

"ತಾಯ್ತ ಅಂದೆಲ್ಲ?"

"ಹೂಂ, ಅಂದೆ. ಒಳಗ ಬಿಟ್ರಲ್ಲ, ನಡೀಯಕ್ಕಾ ನಿನ್ನ ಕಾಲಿಗೆ ಬೀಳ್ತೀನಿ!"

ಕಸ್ತೂರೆಮ್ಮನವರಿಗೆ ತಾಯಿತವೆಂದರೆ ತಿರಸ್ಕಾರವೇನಿಲ್ಲ. ತಮ್ಮ ಮಗಳಿಗೆ ಜ್ವರ ಬಂದಾಗ ದರ್ಗಾದ ಜಿಲಾನಿಸಾಬರ ಕೈಯಿಂದ ತಾಯಿತ ಕಟ್ಟಿಸಿಕೊಂಡು ಬಂದವರು ಅವರೇ. ಆದರೆ ಅದು ಅದು, ಇದು ಇದು. ಅವರು ಹಿಂದಿ ಬಾರದ ಬಾಯಲ್ಲಿ, ಹುಡುಗಿಯ ಕಣ್ಣಲ್ಲಿ ಕಣ್ಣಿಟ್ಟು, "ತಾವೀಜ್ ನಹೀ ಯವ್ವಾ. ದೇವರು. ಭಗವಾನ್" ಎಂದು ಎದೆಯ ಮೇಲೆ ಅಂಗೈ ಇಟ್ಟುಕೊಂಡರು. ಹಾಜಿರಾಬೀ "ಯಾ ಅಲ್ಲಾ" ಎಂದು ಹಣೆ ಹಣೆ ಬಡಿದುಕೊಂಡಳು.

ಹುಡುಗಿಯ ಹುಬ್ಬು ಕೂಡಿದವು. ಡಬ್ಬಿಯೊಳಗೆ ಭಗವಾನನೇ? ಹಾಗಾದರೆ ತೆರೆದು ತೋರಿಸಬೇಕು, ತೆಗೆದು ತಟ್ಟೆಯಲ್ಲಿಟ್ಟು ಯಂತ್ರದೊಳಗೆ ಬಿಡಬೇಕು. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ತಾಯಿತವಾದರೆ ಅವಳಿಗೆ ಗೊತ್ತಿರುವ ವಸ್ತು. ದೇವರಾದರೆ ಗೊತ್ತಿಲ್ಲದ್ದು, ಗೊತ್ತಿಲ್ಲದ್ದನ್ನು ತೆರೆದು ನೋಡುವುದೇ ಅವಳ ಕೆಲಸ. ಮೇಲಿನವನೊಬ್ಬ ಬಂದು ಅದನ್ನೇ ಹೇಳಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ನಾನು ಕಂಬಿಯ ಮೇಲೆ ಬಾಗಿ, ಸಿಟ್ಟೂ ಬಂದು ಸಂಕಟವೂ ಆಗಿ, "ಅವ್ವಾರ, ತಾಯ್ತ ಅಂದ್ರ ಅನ್ಲಿ ಬಿಡ್ರಿ! ಅಪ್ಪಗ ಮಾತು ಕೊಟ್ಟೀರಿ, ಇಲ್ಲೀತನಕ ಬಂದೀರಿ. ಒಂದು ಗಳಿಗಿ ಸುಮ್ಕಿದ್ರ ಏನು ಗಂಟು ಹೋಗ್ತೈತ್ರಿ?" ಎಂದು ಕೂಗಿಯೇಬಿಟ್ಟೆ.

ಅವರು ನನ್ನ ಕಡೆ ತಿರುಗಿದರು. "ಸುಳ್ಳು ಹೇಳಿ ಒಳಗ ಹೋಗಿ ಖರೇ ಬಾವುಟ ನೋಡ್ಲ್ಯಾ ಮಾಸ್ತರ?"

ಹಾಗಾದರೆ ಲಿಂಗವನ್ನು ಕೈಯಲ್ಲಿಟ್ಟುಕೊಂಡು ಬರೀ ಕರಡಿಗೆಯನ್ನು ತಟ್ಟೆಗೆ ಹಾಕಿ ಎಂದೆ. "ಇಲ್ಲೀ? ಕಾಲಾಗ ಚಪ್ಪಲಿ ಮೆಟ್ಟಿ, ಈ ನೂಕಾಟದಾಗ, ಅವರಿವರು ತೆಗೀ ತೆಗೀ ಅಂತ ನಿಂತಾಗ? ನನಗ ಕಬೂಲಿಲ್ಲ."

ಆ ಮಾತಿಗೆ ಹಾಜಿರಾಬೀಯ ಬಾಯಿ ಬೇಕಾಗಲಿಲ್ಲ. ಹುಡುಗಿ ಥಟ್ಟನೆ ತಲೆಯೆತ್ತಿ, "ಕಬೂಲ್ ನಹೀಂ?" ಎಂದಳು.

"ನಹೀ" ಎಂದರು ಕಸ್ತೂರೆಮ್ಮನವರು.

ದಿಲ್ಲಿಗೂ ಮಸ್ಕಿಗೂ ನಡುವೆ ಆ ಹೊತ್ತು ಇದ್ದ ಸೇತುವೆ ಅದೊಂದೇ ಶಬ್ದ, ಅದರ ಮೇಲೆ ಇಬ್ಬರೂ ಎದುರಾಬದುರು ನಿಂತಿದ್ದರು. ಆಮೇಲೆ ಹುಡುಗಿ ಕಣ್ಣು ತಗ್ಗಿಸಿ, ಹೊರಗಿನ ದಾರಿ ತೋರಿಸಿದಳು. ವಿರೂಪಾಕ್ಷಪ್ಪನವರು ಒಳಗಿನಿಂದ, "ಒಬ್ಬರ ಸಲುವಾಗಿ ಎಲ್ಲಾರೂ ನಿಂದ್ರಾಕ ಆಕ್ಕೈತೇನ್ರೀ ಮಾಸ್ತರ? ಮುದುಕರ ಹಟ ಅಂದ್ರ ಇದು!" ಎಂದರು. ಅವರ ಹಿಂದೆ ಒಂದಿಬ್ಬರು ನಕ್ಕರು. ಆ ನಗು ನನ್ನ ಮೈ ಉರಿಸಿತು. ಅಲ್ಲಿಯವರೆಗೆ ಅವರಂತೆಯೇ ಯೋಚಿಸುತ್ತಿದ್ದ ನಾನು, "ನೀವು ಹೋಗ್ರಿ, ನಿಮ್ಮ ಕೋಟಿ ನೋಡ್ಕೋರಿ" ಎಂದು ಹೇಳಿ ಹೊರಗೆ ಬಂದೆ. ಹಾಜಿರಾಬೀಯನ್ನು ಒಳಗೆ ಹೋಗೆಂದು ಕಸ್ತೂರೆಮ್ಮನವರು ನೂಕುತ್ತಿದ್ದರು. "ನೋಡ್ಕೊಂಡು ಬಂದು ನನಗ ಹೇಳು ಹೋಗಬೇ." ಆಕೆ ಬುರ್ಖಾದ ಅಂಚಿನಿಂದ ಮೂಗು ಒರೆಸಿಕೊಂಡು, "ನನಗೂ ಕಬೂಲಿಲ್ಲ" ಎಂದಳು.

ಕೋಟೆಯ ಎದುರಿನ ಬಯಲಿನಲ್ಲಿ ಒಂದು ಕಟ್ಟೆ ಹಿಡಿದು ಮೂವರೂ ಕೂತೆವು. ಕೊಬ್ಬರಿಯ ಚೂರೊಂದನ್ನು ಹಾಜಿರಾಬೀಯ ಕೈಗಿಡುತ್ತ ಕಸ್ತೂರೆಮ್ಮನವರೇ ಮಾತು ತೆಗೆದರು. "ನಿನ್ನ ಮ್ಯಾಲೆ ಸಿಟ್ಟಿಲ್ಲಬೇ. ನಮ್ಮಪ್ಪ ಜೈಲಿಗೆ ಹೋದಾಗ ಅಲ್ಲಿ ಜೈಲರ್ ಮೈಮ್ಯಾಲಿಂದೆಲ್ಲಾ ಇಳಿಸು ಅಂದ. ಅಪ್ಪ ಅಂಗಿ ಇಳಿಸಿದ, ರುಮಾಲು ಇಳಿಸಿದ. ಲಿಂಗ ಇಳಿಸು ಅಂದ. ಅಪ್ಪಗ ಉರ್ದು ಎಲ್ಲಿ ಬರ್ತಿತ್ತು? ಕೋರ್ಟಿನ್ಯಾಗ ಕೇಳಿ ಕಲ್ತಿದ್ದು ಒಂದ ಮಾತು. ಕಬೂಲ್ ನಹೀ ಅಂದ. ಹೊಡದ್ರು. ಕಬೂಲ್ ನಹೀ ಅಂದ. ಕೂಳು ಕೊಡಲಿಲ್ಲ. ಕಬೂಲ್ ನಹೀ ಅಂದ. ಕಡೀಕ ಅವರಽ ಬ್ಯಾಸತ್ತು ಬಿಟ್ರಂತ." ಮಾತು ನಿಲ್ಲಿಸಿ ಕೋಟೆಯ ಕಡೆ ಕೈ ಮಾಡಿದರು. "ನಿಜಾಮನ ಜೈಲಿನ್ಯಾಗ ತೆಗೀದಿದ್ದು, ಸ್ವಾತಂತ್ರ್ಯ ಬಂದ ಮ್ಯಾಲೆ ಈ ಬಾಗಲಾಗ ತೆಗದ್ರ, ನಮ್ಮಪ್ಪ ಜೈಲಿಗೆ ಯಾಕ ಹೋಗಿದ್ದ ಹಾಜಿರಾ?"

ಹಾಜಿರಾಬೀ ಅವರ ಕೋಟಿನ ತೋಳಿಗೆ ಮುಖ ಒತ್ತಿ ಅತ್ತಳು. ನನ್ನ ಕಣ್ಣೂ ನೆಟ್ಟಗಿರಲಿಲ್ಲ. ಅದನ್ನು ಮುಚ್ಚಿಡಲು ಮೇಲೆ ನೋಡಿದೆ. ನೋಡಿದರೆ, ಬಾಗಿಲಿನ ಮೇಲೆ, ಬುರುಜುಗಳ ನಡುವೆ, ನೀಲಿ ಆಕಾಶಕ್ಕೆ ಎದುರಾಗಿ ಬಾವುಟ ಹಾರುತ್ತಿತ್ತು. ಸಾಲಿನ ಒತ್ತಾಟದಲ್ಲಿ, ಒಳಗೆ ಹೋಗುವ ಆತುರದಲ್ಲಿ, ಯಾರೂ ತಲೆಯೆತ್ತಿ ನೋಡಿರಲೇ ಇಲ್ಲ. "ಅವ್ವಾರ" ಎಂದು ಕೈ ತೋರಿಸಿದೆ.

ಕಸ್ತೂರೆಮ್ಮನವರು ನೋಡಿದರು. ಚಪ್ಪಲಿ ಬಿಟ್ಟು ದೂರ ಸರಿಸಿದರು. ಬಾಟಲಿಯ ನೀರಿನಿಂದ ಕೈಕಾಲು ಮುಖ ತೊಳೆದರು. ಗಂಡನ ಕೋಟು ಬಿಚ್ಚಿ ನೆಲಕ್ಕೆ ಹಾಸಿ, ಕೋಟೆಗೆ ಮುಖ ಮಾಡಿ ಕೂತು, ಹಣೆಗೆ ವಿಭೂತಿ ಎಳೆದುಕೊಂಡು, ಎರಡೂ ಕೈಯಿಂದ ನಿಧಾನವಾಗಿ ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಅಲ್ಲಿ ಕಡಲೆ ಮಾರುವವರಿದ್ದರು, ಫೋಟೋ ತೆಗೆಯುವವರಿದ್ದರು, ಶಾಲೆಯ ಮಕ್ಕಳ ಗದ್ದಲವಿತ್ತು. ಅವರಿಗೆ ಯಾರೂ ಇರಲಿಲ್ಲ. ತೆಗೆ ಎಂದಾಗ ತೆಗೆಯದ ದೇವರನ್ನು ಅವರು ತಮಗೆ ಬೇಕೆನಿಸಿದಾಗ, ದಿಲ್ಲಿಯ ನಟ್ಟನಡುವೆ, ಎಲ್ಲರ ಕಣ್ಣೆದುರು ತೆಗೆದು ಕೂತಿದ್ದರು. ಅಂಗೈಯನ್ನು ಎದೆಯ ಮಟ್ಟಕ್ಕೆ, ಆಮೇಲೆ ಕಣ್ಣಿನ ಮಟ್ಟಕ್ಕೆ ಎತ್ತಿ, ಅದರ ಮೇಲಿಂದ ಬಾವುಟವನ್ನು ನೋಡಿದರು. "ಅಪ್ಪಾ, ನೋಡು" ಎಂದರು. ನನಗೆ ಹೆಮ್ಮೆಯಾಯಿತು, ಅಷ್ಟೇ. ಅದಕ್ಕಿಂತ ನಯವಾದ ಮಾತು ಹುಡುಕುವುದಿಲ್ಲ.

ಪೂಜೆ ಮುಗಿದು ಕರಡಿಗೆ ಮುಚ್ಚುವಾಗ ನಮ್ಮ ಹಿಂದೆ ಯಾರೋ ನಿಂತಂತಾಯಿತು. ಅದೇ ಅಗಲ ಹಣೆಯ ಹುಡುಗಿ. ಪಾಳಿಯ ನಡುವೆ ಚಹಾಕ್ಕೆಂದು ಬಂದವಳು ದೂರದಿಂದ ಎಲ್ಲವನ್ನೂ ನೋಡಿದ್ದಳು. ಹಾಜಿರಾಬೀಗೆ ಮೆಲ್ಲಗೆ ಏನೋ ಹೇಳಿದಳು.

"ಒಳಗ ಬಾ ಅಂತಾಳಕ್ಕಾ. ಏನೈತಿ ಅಂತ ಈಗ ಕಣ್ಣಾರೆ ನೋಡ್ಯಾಳಂತ, ಮ್ಯಾಲಿನವಗ ತಾನಽ ಹೇಳ್ತಾಳಂತ. ತೆಗೆಯೋದು ಬ್ಯಾಡಂತ."

ನಾನು ಆಗಲೇ ಎದ್ದು ನಿಂತಿದ್ದೆ. ಕಸ್ತೂರೆಮ್ಮನವರು ಕೋಟಿನ ಧೂಳು ಜಾಡಿಸುತ್ತ, "ಒಳಗ ಏನೈತಿ ಕೇಳು" ಎಂದರು. ಮಹಲುಗಳಿವೆ, ಬಾದಶಹರ ದರ್ಬಾರಿದೆ ಎಂದಳು ಹುಡುಗಿ. "ಬಾವುಟ?" ಹುಡುಗಿ ಮೇಲೆ ನೋಡಿ, ಅದೇ ಮೊದಲ ಸಲ ನಕ್ಕು, ಅದು ಚೆನ್ನಾಗಿ ಕಾಣುವುದು ಇಲ್ಲಿಂದಲೇ ಎಂದಳು.

"ಮತ್ತ? ನಾ ಬಾದಶಾನ ಮನಿ ನೋಡಾಕ ಬಂದಾಕಿ ಅಲ್ಲ. ಬಾವುಟ ಕಟ್ಟಿದವರು ಹೊರಗಿದ್ದೋರಿಗೆ ಕಾಣಲಿ ಅಂತ ಕಟ್ಟ್ಯಾರ, ಕಂಡೈತಿ. ನನ್ನ ಕೆಲಸ ಆತು ಅಂತ ಹೇಳು. ಇದ್ದದ್ದು ಇದ್ದಂಗ ಹೇಳಬೇ, ತಾಯ್ತ ಗೀಯ್ತ ಸೇರಿಸಬ್ಯಾಡ."

ಹಾಜಿರಾಬೀ ಈ ಸಲ ಒಂದಕ್ಷರ ಬಿಡದೆ ಹೇಳಿದಳು. ಕಸ್ತೂರೆಮ್ಮನವರು ಜೇಬಿನಿಂದ ಕೊಬ್ಬರಿಯ ದೊಡ್ಡ ತುಂಡೊಂದನ್ನು ತೆಗೆದು ಅವಳ ಕೈಗಿಟ್ಟು, "ನಿನ್ನ ಕೆಲಸ ನೀ ಮಾಡಿದಿ ಯವ್ವಾ, ತಿನ್ನು" ಎಂದರು. ಅದನ್ನು ಹಾಜಿರಾಬೀ ಹೇಳುವ ಮೊದಲೇ ಹುಡುಗಿ ಕೊಬ್ಬರಿಯನ್ನು ಕಣ್ಣಿಗೊತ್ತಿಕೊಂಡಳು.

ಊರಿಗೆ ಬಂದಾಗ ಮಸ್ಕಿಯ ಬಸ್ ನಿಲ್ದಾಣದಲ್ಲಿ ಚಹಾದಂಗಡಿಯ ಬಸ್ಸಪ್ಪನೇ ಮೊದಲು ಎದುರಾದ. ನಮಗಿಂತ ಮುಂಚೆ ಇಳಿದ ಯಾರೋ ಸುದ್ದಿ ಮುಟ್ಟಿಸಿದ್ದರೆಂದು ಅವನ ತುಟಿಯ ಅಂಚಿನ ನಗುವೇ ಹೇಳುತ್ತಿತ್ತು. "ಏನ್ರೀ ಅವ್ವಾರ, ಕೆಂಪು ಕೋಟಿ ಹೆಂಗೈತ್ರಿ?"

"ಭಾಳ ದೊಡ್ಡದೈತಿ. ಬಾಗಲಾ ಅಷ್ಟಽ ಗಿಡ್ಡ."

ನಾನು ಮೇಷ್ಟರ ಜಾತಿ, ಸುಮ್ಮನಿರಲಾಗಲಿಲ್ಲ. "ಅಂಬಾರಿ ಸಮೇತ ಆನೆ ಹೋಗೋ ಬಾಗಲಾ ಅವ್ವಾರ ಅದು!"

"ಆನೀಗೆ ಎತ್ತರ ಐತಿ ಮಾಸ್ತರ, ಮನಷ್ಯಾಗ ಗಿಡ್ಡ" ಎಂದು ಅವರು ಚೀಲವನ್ನು ನನ್ನ ಕೈಗೆ ದಾಟಿಸಿ ಓಣಿಯ ಕಡೆ ನಡೆದರು. ತಮ್ಮ ಮನೆಯ ಹೊಸ್ತಿಲ ಮುಂದೆ ನಿಂತರು, ಸೆರಗು ಸರಿಪಡಿಸಿಕೊಂಡರು, ಕುತ್ತಿಗೆ ನೆಟ್ಟಗಿಟ್ಟುಕೊಂಡೇ ಮೊಣಕಾಲು ಮಡಚಿ ಇಳಿದು ಒಳಗೆ ಹೋದರು. ಕಟಕಟ ಸದ್ದು ಓಣಿಗೆಲ್ಲ ಕೇಳಿಸಿತು.

ಇಂಥವರನ್ನು ಹಟಮಾರಿಗಳೆಂದು ಕರೆದು ಕೈ ತೊಳೆದುಕೊಳ್ಳುವುದು ಸುಲಭ, ನಾನೂ ಮಾಳಿಗೆಯ ಮೇಲೆ ಕೊಡ ಹೊರುವಾಗಲೆಲ್ಲ ಕರೆದಿದ್ದೇನೆ. ಅವರ ಸಂಗಡ ಬಾಳುವುದು ಕಷ್ಟ, ಪ್ರಯಾಣ ಮಾಡುವುದು ಇನ್ನೂ ಕಷ್ಟ. ಪ್ರತಿಯೊಂದು ಊರಿನಲ್ಲೂ ಅವರಿಂದಾಗಿ ಯಾರಿಗೋ ತಡವಾಗುತ್ತದೆ, ಯಾರದೋ ಸಾಲು ಕೆಡುತ್ತದೆ. ನಮ್ಮಂಥವರು ಚೌಕಟ್ಟು ಕಂಡಲ್ಲಿ ತಲೆ ತಗ್ಗಿಸಿ, ಕೇಳಿದವರಿಗೆ ಕೇಳಿದ ಹೆಸರು ಹೇಳಿ ಒಳಹೊಕ್ಕು, ಮಹಲುಗಳನ್ನೆಲ್ಲ ನೋಡಿ, ಫೋಟೋ ಹಿಡಿದುಕೊಂಡು ಸುಖವಾಗಿ ಹಿಂದಿರುಗುತ್ತೇವೆ. ನಮಗೆ ಕಾಣದೆ ಹೋಗುವುದು ಒಂದೇ. ಬಾಗಿ ಒಳಗೆ ಹೋದವನಿಗೆ ಆ ಬಾಗಿಲಿನ ಎತ್ತರ ಎಷ್ಟೆಂದು ಎಂದಿಗೂ ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದರೆ ನೆಟ್ಟ ಕುತ್ತಿಗೆಯವರನ್ನೇ ಕೇಳಬೇಕು.